ಮಾಡಿನಡಿಯ ಸಸಿಮಡಿ
ಮಳೆಗಾಲದ ನಾಟಿಗೆ ಮೊದಲು ಸಂಬಾರ ಹಾಗೂ ಔಷಧಿಯ ಗಿಡಗಳನ್ನು ಸಿದ್ಧಪಡಿಸುವ ಕ್ರಮ

ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳ ಭೂಮಾಲಕರಿಗೆ ಮಳೆಯ ಸ್ವಭಾವವನ್ನು ಹೊಸದಾಗಿ ತಿಳಿಸಬೇಕಾದ ಅವಶ್ಯಕತೆಯಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಬೀಳುವ ಮಳೆಯಲ್ಲಿ ಬಹುಪಾಲು ಜೂನ್ ತಿಂಗಳಿನಿಂದ ಸಪ್ಟೆಂಬರ್ ತಿಂಗಳ ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದು ಹೋಗುವದು. ಡಿಸೆಂಬರ್ ತಿಂಗಳಿನಿಂದ ಮೇ ತಿಂಗಳ ನಡುವಿನ ವರೆಗೆ ಮಳೆಯ ಹನಿಯನ್ನು ಕಾಣುವದು ಅಪರೂಪ. ಒಂದು ಕಾಲದಲ್ಲಿ ಎಳೆಯ ಬೇರು ಕೊಳೆಯುವಷ್ಟು ನೀರು, ಇನ್ನೊಂದು ಕಾಲದಲ್ಲಿ ಅದು ಒಣಗಿ ಹೋಗುವಷ್ಟು ಬಿಸಿಲು. ಹೀಗಿರುವಲ್ಲಿ ಸಣ್ಣ ಗಿಡವು ಹೊರಗಿನ ನೆಲದಲ್ಲಿ ಸುಖವಾಗಿ ಬೇರೂರಬಹುದಾದ ಅವಧಿಯು ಬಹಳ ಸ್ವಲ್ಪ. ರೋಹಿಣಿ ಮಳೆಯ ಕೊನೆಯ ದಿನಗಳು ಮತ್ತು ಮೃಗಶಿರ ಮಳೆಯ ಮೊದಲ ದಿನಗಳು, ಅಂದರೆ ಜೂನ್ ತಿಂಗಳ ಮೊದಲ ಎರಡು ವಾರಗಳು ಮಾತ್ರ. ಆರ್ದ್ರೆ ಹಿಡಿದ ಮೇಲೆ ನೆಟ್ಟ ಬೇರಿಲ್ಲದ ತುಂಡು ಬದುಕುವದು ಕಷ್ಟ.

ಆದಕಾರಣ ಆ ಎರಡು ವಾರಗಳಲ್ಲಿ ನೆಲಕ್ಕೆ ಇಳಿಯುವ ಗಿಡವು ಬರಿಯ ಬೀಜವಾಗಿಯಾಗಲಿ ಬೇರಿಲ್ಲದ ಬಳ್ಳಿಯ ತುಂಡಾಗಿಯಾಗಲಿ ಇರಕೂಡದು. ಅದು ಎರಡು ಮೂರು ತಿಂಗಳು ಮಾಡಿನ ಆಶ್ರಯದಲ್ಲಿ ಬೆಳೆದು, ಬೇರು ತುಂಬಿಸಿಕೊಂಡ ಸಸಿಯಾಗಿರಬೇಕು. ಯುರೋಪಿನ ಮತ್ತು ಉತ್ತರ ಅಮೇರಿಕೆಯ ಶೀತ ದೇಶಗಳಲ್ಲಿ ಹೊರಗೆ ಹಿಮ ಬೀಳುತ್ತಿರುವಾಗಲೇ ತೋಟಗಾರರು ಕಿಟಕಿಯ ಬಳಿಯಲ್ಲಿಯೂ ಗಾಜಿನ ಮನೆಗಳಲ್ಲಿಯೂ ಬೀಜ ಬಿತ್ತಿ, ಹಿಮದ ಭಯ ಕಳೆದ ಕೂಡಲೆ ಸಸಿಗಳನ್ನು ಹೊರಗೆ ನೆಡುತ್ತಾರೆ. ನಮ್ಮ ಕರಾವಳಿಯಲ್ಲಿ ಹಿಮವಿಲ್ಲ. ಆದರೆ ಅವರಿಗೆ ಹಿಮವು ಹೇಗೋ ನಮ್ಮ ಎಳೆಯ ಸಸಿಗಳಿಗೆ ಚೈತ್ರ ವೈಶಾಖಗಳ ಬಿಸಿಲೂ ಆಷಾಢದ ಜಡಿಮಳೆಯೂ ಹಾಗೆಯೇ. ಅವರು ಗಾಜಿನ ಮನೆಗೆ ಹಣ ತೊಡಗಿಸಬೇಕಾಗುವದು. ನಮಗೆ ಜಗಲಿ, ಮಾಡಿನ ಅಂಚು ಮತ್ತು ಮಡಲಿನ ಚಪ್ಪರವಿದ್ದರೆ ಸಾಕು.

ಈ ಕೆಲಸದ ಮಹತ್ವ

ಹದಿನಾರನೆಯ ಶತಮಾನದಲ್ಲಿ ಗೇರಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ಯೆಂದು ಕರೆದರು. ಭಟ್ಕಳ, ಹೊನ್ನಾವರ ಬಂದರಗಳಿಂದ ಈ ಸೀಮೆಯ ಕಾಳುಮೆಣಸು ಸಮುದ್ರ ದಾಟಿ ಹೋಗುತ್ತಿದ್ದ ಕಾಲವದು. ಅಂಥ ಬೆಳೆಯ ನೆಲದಲ್ಲಿ ಇಂದು ಅನೇಕರು ಮೇ ತಿಂಗಳ ಕೊನೆಯಲ್ಲಿ ಅವಸರದಿಂದ ಎಲ್ಲಿಂದಲೋ ಸಸಿಗಳನ್ನು ಕೊಂಡು ತರುತ್ತಿರುವದು ಕಂಡುಬರುತ್ತದೆ. ಆ ಸಸಿಯ ತಾಯಿಬಳ್ಳಿ ಯಾವದು, ಅದು ಎಷ್ಟು ಕಾಳು ಕೊಡುತ್ತಿತ್ತು, ಅದಕ್ಕೆ ರೋಗವಿತ್ತೋ ಇಲ್ಲವೋ ಎಂಬದು ಕೊಂಡವರಿಗೆ ತಿಳಿಯದು. ಕಾಳುಮೆಣಸಿನ ಬಳ್ಳಿಯು ಫಸಲಿಗೆ ಬರಲು ಮೂರು ವರ್ಷ ಬೇಕು. ಆದ್ದರಿಂದ ಕೆಟ್ಟ ಸಸಿಯ ನಿಜವಾದ ಬೆಲೆಯು ಕೊಟ್ಟ ರೂಪಾಯಿಯಲ್ಲ, ಕಳೆದ ಮೂರು ವರ್ಷ. ಅದಕ್ಕಿಂತಲೂ ದೊಡ್ಡ ಹಾನಿಯೆಂದರೆ, ಅಡಿಕೆಯ ಕೊಳೆರೋಗವನ್ನುಂಟುಮಾಡುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಕುಲಕ್ಕೇ ಸೇರಿದ ಇನ್ನೊಂದು ಜಾತಿಯು ಮೆಣಸಿನ ಬಳ್ಳಿಗೆ ಸೊರಗು ರೋಗವನ್ನು ತರುವದು. ಒಂದು ಬುಟ್ಟಿ ರೋಗದ ಸಸಿಗಳಿಂದ ಮಣ್ಣಿನ ಮೂಲಕವೂ ನೀರಿನ ಮೂಲಕವೂ ಅದು ಇಡೀ ತೋಟಕ್ಕೆ ಹಬ್ಬಬಲ್ಲದು.

ಔಷಧಿಯ ಗಿಡಗಳ ಸಂಗತಿಯು ಬೇರೆ ಬಗೆಯದು. ಸರ್ಪಗಂಧಿಯ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲಂಡಿನ ಶಾಸ್ತ್ರಜ್ಞರು ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದ ಮೇಲೆ ಈ ಬೇರಿಗೆ ಲೋಕದಲ್ಲೆಲ್ಲ ಗಿರಾಕಿಗಳು ಹೆಚ್ಚಿದರು. ಬೇರನ್ನು ಅಗೆದರೆ ಗಿಡವೇ ಹೋಗುವದರಿಂದ ಘಟ್ಟದ ತಪ್ಪಲಿನ ಕಾಡುಗಳಲ್ಲಿ ಇಂಥ ಮೂಲಿಕೆಗಳು ವಿರಳವಾಗುತ್ತ ಬಂದಿವೆ. ಹಿತ್ತಲಲ್ಲಿ ಬೆಳೆಸಿದಷ್ಟೂ ಕಾಡಿನದು ಉಳಿಯುವದು. ಒಂದೆಲಗದ ತಂಬುಳಿ, ದೊಡ್ಡಪತ್ರೆಯ ತಂಬುಳಿಗಳಿಲ್ಲದ ಮನೆ ನಮ್ಮ ಸೀಮೆಯಲ್ಲಿ ದೊರೆಯದು; ಆದರೆ ಬೇಸಿಗೆಯ ಕೊನೆಯಲ್ಲಿ ಈ ಸೊಪ್ಪುಗಳನ್ನು ನೆರೆಮನೆಯಲ್ಲಿ ಬೇಡುವ ಪ್ರಸಂಗವು ಅನೇಕರಿಗೆ ಬರುತ್ತದೆ.

ಸ್ಥಳವನ್ನು ಆರಿಸುವ ಬಗೆ

ಮನೆಯ ಪೂರ್ವದ ಅಥವಾ ಉತ್ತರದ ಜಗಲಿಯು ಎಲ್ಲಕ್ಕೂ ಉತ್ತಮ. ಅಲ್ಲಿ ಬೆಳಗಿನ ಎಳೆಬಿಸಿಲು ಒಂದೆರಡು ತಾಸು ದೊರೆತು, ಮಧ್ಯಾಹ್ನದ ಬಿಸಿಲು ತಪ್ಪುವದು. ಪಶ್ಚಿಮದ ಜಗಲಿಗೆ ಸಮುದ್ರದ ಗಾಳಿಯೂ ಸಂಜೆಯ ಬಿಸಿಲೂ ಬಡಿಯುವದರಿಂದ ಮಡಲಿನ ತಟ್ಟಿಯನ್ನು ಕಟ್ಟದೆ ಅಲ್ಲಿ ಸಸಿಗಳನ್ನಿಡಬಾರದು. ಮನೆಯ ಒಳಕೋಣೆಯಲ್ಲಿ ಬೀಜವನ್ನು ಮೊಳೆಯಿಸಬಹುದು. ಆದರೆ ಮೊಳಕೆ ತಲೆಯೆತ್ತಿದ ದಿನವೇ ಅದನ್ನು ಬೆಳಕಿಗೆ ತರಬೇಕು. ಬೆಳಕು ಸಾಲದಿದ್ದರೆ ಸಸಿಯು ಉದ್ದವಾಗಿ, ಬಿಳಿಚಿ, ತನ್ನ ಭಾರವನ್ನು ತಾನೇ ಹೊರಲಾರದೆ ಬಾಗುವದು. ಕಿಟಕಿಯ ಬಳಿಯಲ್ಲಿಟ್ಟ ಕುಂಡವನ್ನು ಎರಡು ದಿನಕ್ಕೊಮ್ಮೆ ತಿರುಗಿಸಿಡತಕ್ಕದ್ದು. ಅಡಿಗೆಮನೆಯ ಹೊಗೆ ತಾಗುವಲ್ಲಿ ಸಸಿಗಳನ್ನು ಇಡಬಾರದು. ಕೋಳಿಗಳು ಕೆದರದಂತೆ ಮಣೆಯ ಅಥವಾ ಹಲಗೆಯ ಮೇಲೆ ಎತ್ತರಿಸಿ ಇಡುವದು ಕ್ಷೇಮ.

ಸಸಿಗಳು ಹೆಚ್ಚಾಗಿದ್ದಲ್ಲಿ ಅಂಗಳದ ಅಂಚಿನಲ್ಲಿ ಆಳೆತ್ತರದ ಚಪ್ಪರ ಹಾಕಿ, ಮೇಲೆ ತೆಂಗಿನ ಮಡಲನ್ನಾಗಲಿ ಅಡಿಕೆಯ ಸೋಗೆಯನ್ನಾಗಲಿ ಹೊದಿಸಬೇಕು. ನೆರಳು ಅರ್ಧಕ್ಕಿಂತ ತುಸು ಹೆಚ್ಚಾಗಿರಲಿ, ಕತ್ತಲೆಯಾಗದಿರಲಿ.

ಮಣ್ಣು, ಪಾತ್ರೆ ಮತ್ತು ನೀರು

ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ: ಈ ಪ್ರಮಾಣವು ಬಹುತೇಕ ಎಲ್ಲ ಸಸಿಗಳಿಗೂ ಸರಿಹೋಗುವದು. ಹಸಿ ಸಗಣಿಯನ್ನು ಸೇರಿಸಲೇಬಾರದು. ಸಮುದ್ರದಂಡೆಯ ಮರಳಿನಲ್ಲಿ ಉಪ್ಪಿನಂಶವಿರುವದರಿಂದ ಅದನ್ನು ಬಿಟ್ಟು, ಹಳ್ಳದ ಸಿಹಿನೀರಿನ ಮರಳನ್ನು ತರಬೇಕು.

ನಮ್ಮ ಹಿರಿಯರು ಮಣ್ಣಿನ ಮೇಲೆ ದರಕು, ಒಣಸೊಪ್ಪುಗಳನ್ನು ಹೊದಿಸಿ ಬೆಂಕಿಯಿಟ್ಟು ‘ಸುಡುಮಣ್ಣು’ ಮಾಡುತ್ತಿದ್ದ ಪದ್ಧತಿಯು ಯುಕ್ತವಾದದ್ದು. ಕಾವಿಗೆ ಮಣ್ಣಿನೊಳಗಿನ ರೋಗಬೀಜಗಳೂ ಹುಳದ ತತ್ತಿಗಳೂ ಕಳೆಯ ಬೀಜಗಳೂ ನಾಶವಾಗುವವು. ಈಗಿನ ಕಾಲದಲ್ಲಿ ಇದನ್ನೇ ಬೆಂಕಿಯಿಲ್ಲದೆ ಮಾಡುವ ಉಪಾಯವೂ ಉಂಟು. ಮಣ್ಣಿನ ಮಿಶ್ರಣವನ್ನು ತೇವ ಮಾಡಿ, ಬಯಲಿನಲ್ಲಿ ಅರ್ಧ ಅಡಿ ದಪ್ಪಕ್ಕೆ ಹರಡಿ, ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಒತ್ತಿ, ಬಲವಾದ ಬಿಸಿಲಿನಲ್ಲಿ ಆರು ವಾರ ಬಿಡತಕ್ಕದ್ದು. ಏಪ್ರಿಲಿನಲ್ಲಿ ಬಿತ್ತುವ ಬೀಜಗಳಿಗೆ ಈ ಕ್ರಮವೂ, ಫೆಬ್ರುವರಿಯಲ್ಲಿ ನೆಡುವ ತುಂಡುಗಳಿಗೆ ಸುಡುಮಣ್ಣೂ ಅನುಕೂಲ. ಮಿಶ್ರಣ ತಣಿದ ಬಳಿಕ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಕೊಟ್ಟಿಗೆಗೊಬ್ಬರದೊಡನೆ ಬೆರೆಸಿದರೆ ಬೇರುಕೊಳೆಯ ಭಯ ಕಡಿಮೆಯಾಗುವದು.

ಪಾತ್ರೆಗಳಿಗಾಗಿ ಹಣ ವೆಚ್ಚ ಮಾಡಬೇಕಾಗಿಲ್ಲ. ಸಣ್ಣ ಬೀಜಗಳಿಗೆ ಅಡಿಕೆಯ ಹಾಳೆಯನ್ನು ಮಡಿಚಿ ಹೊಲಿದ ಕೊಟ್ಟೆ, ಒಂದೊಂದೇ ಸಸಿಗೆ ತಳ ತೂತು ಮಾಡಿದ ತೆಂಗಿನ ಕರಟ, ತುಂಡುಗಳಿಗೆ ಸಸಿಚೀಲ ಇವು ಸಾಕು. ಯಾವ ಪಾತ್ರೆಯಾದರೂ ತಳದಲ್ಲಿ ನೀರು ಬಸಿಯುವ ತೂತು ಇರಲೇಬೇಕು.

ನೀರಿನ ವಿಷಯದಲ್ಲಿ ಹೊಳೆಯ ಬದಿಯ ಗ್ರಾಮಗಳವರು ವಿಶೇಷ ಜಾಗ್ರತೆ ವಹಿಸಬೇಕು. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯಲ್ಲಿ ಬೇಸಿಗೆಯ ಹರಿವು ಇಳಿದಾಗ ಭರತದ ಉಪ್ಪುನೀರು ಮೇಲಕ್ಕೆ ಏರಿಬರುವದು. ಅಳಿವೆಯ ಸಮೀಪದ ಬಾವಿಗಳ ನೀರೂ ಏಪ್ರಿಲ್–ಮೇ ತಿಂಗಳುಗಳಲ್ಲಿ ಉಪ್ಪಾಗುವದುಂಟು. ಬಾಯಿಗೆ ಉಪ್ಪೆನಿಸಿದ ನೀರನ್ನು ಸಸಿಗಳಿಗೆ ಹಾಕತಕ್ಕದ್ದಲ್ಲ. ಅಂಥ ಊರುಗಳಲ್ಲಿ ಮೇಲಣ ಬಾವಿಯಿಂದ ದಿನಕ್ಕೆರಡು ಕೊಡ ಸಿಹಿನೀರನ್ನು ಸಸಿಮಡಿಗಾಗಿಯೇ ಮೀಸಲಿಡಬೇಕು. ನೀರನ್ನು ಬೆಳಗಿನಲ್ಲಿ ಸಣ್ಣ ಹನಿಯಾಗಿ ಚಿಮುಕಿಸತಕ್ಕದ್ದು. ರಾತ್ರಿ ಎಲೆ ಒದ್ದೆಯಿದ್ದರೆ ಕೊಳೆ ಹಿಡಿಯುವದು.

ಬೀಜದಿಂದ ಬೆಳೆಸತಕ್ಕವು

ತುಲಸಿ: ಬೀಜವು ಬಹಳ ಸಣ್ಣದು. ನಾಲ್ಕು ಪಾಲು ಸಣ್ಣ ಮರಳಿನೊಡನೆ ಬೆರೆಸಿ, ಏಪ್ರಿಲ್ ತಿಂಗಳ ನಡುವಿನಲ್ಲಿ ತೇವದ ಮಣ್ಣಿನ ಮೇಲೆ ಉದುರಿಸಿ, ಮೇಲೆ ಮಣ್ಣು ಮುಚ್ಚಿದಂತೆ ತೋರುವಷ್ಟೇ ಪುಡಿಗೊಬ್ಬರ ಚೆಲ್ಲಬೇಕು. ಎಂಟರಿಂದ ಹನ್ನೆರಡು ದಿನಗಳಲ್ಲಿ ಮೊಳೆಯುವದು. ನಾಲ್ಕೈದು ಎಲೆಗಳಾಗಿ ಆರು ವಾರ ತುಂಬಿದಾಗ ನಾಟಿಗೆ ಯೋಗ್ಯ.

ಸರ್ಪಗಂಧಿ: ಹಳೆಯ ಬೀಜವು ಮೊಳೆಯುವದಿಲ್ಲ, ಹೊಸದರಲ್ಲಿಯೂ ಅರ್ಧ ಮೊಳೆತರೆ ಭಾಗ್ಯ. ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಮಾತ್ರ ಏಪ್ರಿಲ್ ಕೊನೆಯಲ್ಲಿ ಬಿತ್ತತಕ್ಕದ್ದು. ಇದರ ಸಸಿಗಳು ನಿಧಾನವಾಗಿ ಏಳುವವಾದ್ದರಿಂದ ಮೃಗಶಿರದಲ್ಲಿ ಅವಸರಪಡದೆ, ಮಾಡಿನಡಿಯಲ್ಲಿಯೇ ಇಟ್ಟು, ಜುಲೈಯಲ್ಲಿ ಹೊಳವು ಬಿದ್ದಾಗ ನೀರು ನಿಲ್ಲದ ಎತ್ತರದ ಏರಿಯಲ್ಲಿ ನೆಡಬೇಕು. ಬೀಜ ದೊರೆಯದಿದ್ದರೆ ಒಂದೆರಡು ಅಂಗುಲದ ಬೇರಿನ ತುಂಡುಗಳಿಂದಲೂ ಬೆಳೆಸಬಹುದು. ಇದರ ಬೇರು ಬಲವಾದ ಔಷಧಿ. ವೈದ್ಯರ ಹೇಳಿಕೆಯಿಲ್ಲದೆ ಯಾರೂ ಸೇವಿಸಕೂಡದು.

ಕರಿಬೇವು: ಇದರ ಕ್ರಮ ಬೇರೆ. ಹಣ್ಣು ಮಳೆಗಾಲದಲ್ಲಿ ಮಾಗುವದು, ಬೀಜವು ಕೆಲವೇ ದಿನಗಳಲ್ಲಿ ಜೀವ ಕಳೆದುಕೊಳ್ಳುವದು. ಆದ್ದರಿಂದ ಹಣ್ಣು ಕಿತ್ತ ಕೂಡಲೆ ತಿರುಳು ತೊಳೆದು ಜಗಲಿಯ ಮೇಲೆ ಬಿತ್ತಿ, ಸಸಿಯನ್ನು ವರ್ಷವಿಡೀ ಸಾಕಿ, ಮುಂದಿನ ಮೃಗಶಿರಕ್ಕೆ ನೆಡತಕ್ಕದ್ದು.

ಕೊತ್ತಂಬರಿಯನ್ನು ಕಿತ್ತು ನೆಟ್ಟರೆ ಬೇರು ನೊಂದು ಬೇಗನೆ ಹೂ ಬಿಡುವದು. ಜಡಿಮಳೆಯೂ ಅದಕ್ಕೆ ಆಗದು. ಅದನ್ನು ಸಸಿಮಡಿಯಲ್ಲಿ ಬೆಳೆಸದೆ, ಸ್ವಾತಿ ಮಳೆ ಕಳೆದ ಮೇಲೆ, ಬೀಜವನ್ನು ಒಡೆದು ಬೇಳೆಯಾಗಿಸಿ ಇದ್ದಲ್ಲಿಯೇ ಬಿತ್ತುವದು ಲೇಸು.

ತುಂಡುಗಳಿಂದ ಬೆಳೆಸತಕ್ಕವು

ತುಂಡಿನಿಂದ ಗಿಡ ಮಾಡುವ ವಿದ್ಯೆ ಇಲ್ಲಿಯ ಜನರಿಗೆ ಅಪರಿಚಿತವಲ್ಲ. ಭಟ್ಕಳದ ಮಲ್ಲಿಗೆಯು ಹಿತ್ತಲಿಂದ ಹಿತ್ತಲಿಗೆ ಹಬ್ಬಿದ್ದು ಹೆಂಗಸರ ಕೈಯಲ್ಲಿ ನೆಟ್ಟ ಕಡ್ಡಿಗಳಿಂದಲೇ. ಅದೇ ಕೈಗಳು ಕೆಳಗಿನ ಗಿಡಗಳನ್ನೂ ಸಲೀಸಾಗಿ ಎಬ್ಬಿಸಬಲ್ಲವು.

ಕಾಳುಮೆಣಸು: ಗೊಂಚಲುಗಳು ಬಳ್ಳಿಯ ಮೇಲಿರುವಾಗಲೇ, ಅಂದರೆ ಕೊಯ್ಲಿಗೆ ಮೊದಲೇ, ಐದರಿಂದ ಹನ್ನೆರಡು ವರ್ಷದ, ರೋಗವಿಲ್ಲದ, ಪ್ರತಿವರ್ಷ ತುಂಬ ಕಾಳು ಬಿಡುವ ತಾಯಿಬಳ್ಳಿಗಳನ್ನು ನೋಡಿ ಗುರುತು ಕಟ್ಟಬೇಕು. ಅವುಗಳ ಬುಡದಿಂದ ಹೊರಟು ನೆಲದ ಮೇಲೆ ಹಬ್ಬುವ ಬಳ್ಳಿಗಳನ್ನು ಮಣ್ಣಿಗೆ ತಾಗಗೊಡದೆ, ಬುಡದ ಹತ್ತಿರ ನೆಟ್ಟ ಗೂಟಕ್ಕೆ ಸುತ್ತಿಡಬೇಕು. ಶಿವರಾತ್ರಿಯ ಸುಮಾರಿಗೆ, ಫೆಬ್ರುವರಿ–ಮಾರ್ಚ ತಿಂಗಳುಗಳಲ್ಲಿ, ಇವನ್ನು ಕತ್ತರಿಸಿ ತೀರ ಎಳೆಯ ತುದಿಯನ್ನೂ ತೀರ ಬಲಿತ ಬುಡವನ್ನೂ ಬಿಟ್ಟು, ನಡುವಿನ ಭಾಗವನ್ನು ಎರಡು ಮೂರು ಗೆಣ್ಣುಗಳ ತುಂಡುಗಳಾಗಿ ಮಾಡತಕ್ಕದ್ದು. ಎಲೆಯನ್ನು ಕತ್ತರಿಸಿ ತೊಟ್ಟನ್ನು ಉಳಿಸಬೇಕು. ಒಂದು ಗೆಣ್ಣಾದರೂ ಮಣ್ಣಿನೊಳಗೆ ಇರುವಂತೆ ಚೀಲದಲ್ಲಿ ನೆಟ್ಟು, ನೆರಳಿನಲ್ಲಿಟ್ಟು, ತೇವ ಆರದಂತೆ ನೋಡಿಕೊಂಡರೆ ಮೂರು ತಿಂಗಳಲ್ಲಿ, ಸರಿಯಾಗಿ ಮಳೆಯ ಹೊತ್ತಿಗೆ, ಸಸಿ ಸಿದ್ಧವಾಗುವದು. ಕಾಳು ಬಿಡುವ ಪಕ್ಕದ ಕವಲುಗಳನ್ನು ಇದೇ ರೀತಿ ಬೇರು ಬರಿಸಿದರೆ, ಮೇಲೆ ಹಬ್ಬದೆ ಕುಂಡದಲ್ಲಿಯೇ ಫಲ ಕೊಡುವ ಪೊದೆಮೆಣಸು ದೊರೆಯುವದು. ತೋಟವಿಲ್ಲದ ಮನೆಗಳಿಗೆ ಇದು ಉಪಯುಕ್ತ.

ಹಿಪ್ಪಲಿ: ಮೂರರಿಂದ ಐದು ಗೆಣ್ಣಿನ ತುಂಡುಗಳನ್ನು ಮಾರ್ಚ–ಏಪ್ರಿಲಿನಲ್ಲಿ ನೆಟ್ಟರೆ ಎರಡು ತಿಂಗಳಲ್ಲಿ ಬೇರೂರುವದು. ನೆರಳನ್ನು ಸಹಿಸುವದರಿಂದ ಅಡಿಕೆ ತೆಂಗಿನ ತೋಟದ ಒಳಗೆ ಬೆಳೆಯಬಹುದು.

ಆಡುಸೋಗೆ: ಅರೆಬಲಿತ ಕಡ್ಡಿಯನ್ನು ಗೇಣುದ್ದಕ್ಕೆ, ಮೂರು ನಾಲ್ಕು ಗೆಣ್ಣುಗಳಿರುವಂತೆ ಕತ್ತರಿಸಿ ಮಾರ್ಚಿನಲ್ಲಿ ನೆಡತಕ್ಕದ್ದು. ದನಗಳು ಮುಟ್ಟದ ಗಿಡವಾದ್ದರಿಂದ ಹಿತ್ತಲಿನ ಬೇಲಿಗೂ ಆಗುವದು.

ದೊಡ್ಡಪತ್ರೆ: ಮೂರು ನಾಲ್ಕು ಅಂಗುಲದ ಕುಡಿಯನ್ನು ಮುರಿದು, ಕೆಳಗಿನ ಎಲೆಗಳನ್ನು ತೆಗೆದು, ಗಾಯ ಆರಲು ಅರ್ಧ ದಿನ ನೆರಳಿನಲ್ಲಿ ಬಿಟ್ಟು, ಮರಳು ಹೆಚ್ಚಾಗಿರುವ ಮಣ್ಣಿನಲ್ಲಿ ಊರಬೇಕು. ಎರಡು ಮೂರು ವಾರಗಳಲ್ಲಿ ಬೇರು ಬರುವದು. ಹೊರಗಿನ ಜಡಿಮಳೆಗೆ ಇದು ಕೊಳೆಯುವದರಿಂದ ಮನೆಗೆ ಬೇಕಾದ ಒಂದೆರಡು ಕುಂಡಗಳನ್ನು ಮಳೆಗಾಲವಿಡೀ ಜಗಲಿಯ ಮೇಲೆಯೇ ಇಡತಕ್ಕದ್ದು.

ಒಂದೆಲಗ: ಹರಿದ ಬಳ್ಳಿಯ ಗೆಣ್ಣುಗಳನ್ನು ಬೇರುಸಹಿತ ಬಿಡಿಸಿ, ಅಗಲವಾದ ಹಾಳೆಕೊಟ್ಟೆಯಲ್ಲಿ ನೆಟ್ಟು ಬಚ್ಚಲಿನ ಸಮೀಪದ ತಂಪಿನಲ್ಲಿ ಇಟ್ಟರೆ ಬೇಸಿಗೆಯಲ್ಲಿಯೂ ಸೊಪ್ಪು ದೊರೆಯುವದು. ಸೋಪಿನ ನೀರನ್ನು ಮಾತ್ರ ತಾಗಗೊಡಬಾರದು.

ರೋಗ ನಿವಾರಣೆ

ಮೊಳಕೆಗಳು ಬುಡದಲ್ಲಿ ಕರಗಿ ಒಮ್ಮೆಲೆ ಮಲಗಿದರೆ ಅದು ಬುಡಕೊಳೆ. ದಟ್ಟವಾಗಿ ಬಿತ್ತುವದೂ ಅತಿಯಾಗಿ ನೀರು ಹಾಕುವದೂ ಇದಕ್ಕೆ ಮುಖ್ಯ ಕಾರಣಗಳು. ಕೂಡಲೆ ನೀರು ನಿಲ್ಲಿಸಿ, ಕೆಟ್ಟದ್ದನ್ನು ಮಣ್ಣುಸಹಿತ ತೆಗೆದು ಸುಟ್ಟು, ಉಳಿದವುಗಳಿಗೆ ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ಹಾಕಬೇಕು. ಅಡಿಕೆಯ ಕೊಳೆರೋಗಕ್ಕೆ 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಪ್ರಚಾರಕ್ಕೆ ತಂದ ಈ ಮದ್ದು ತೋಟಿಗರೆಲ್ಲರಿಗೂ ಪರಿಚಿತವೇ. ಸಸಿಮಡಿಗೆ ಸ್ವಲ್ಪವೇ ಸಾಕು: 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಹೊಯ್ಯುತ್ತ ಕಲಕಬೇಕು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸತಕ್ಕದ್ದು. ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪು ಕಲೆ ಮೂಡಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ಅಂದು ಕಲಸಿದ್ದನ್ನು ಅಂದೇ ಮುಗಿಸಬೇಕು. ಈ ಮದ್ದು ಟ್ರೈಕೋಡರ್ಮವನ್ನೂ ಕೊಲ್ಲುವದರಿಂದ ಎರಡರ ನಡುವೆ ಎರಡು ವಾರಗಳ ಅಂತರವಿರಲಿ.

ಹೊರಗಿನ ಗಾಳಿಗೆ ಒಗ್ಗಿಸುವದು ಮತ್ತು ನಾಟಿ

ನೆರಳಿನಲ್ಲಿ ಬೆಳೆದ ಸಸಿಯನ್ನು ಒಮ್ಮೆಲೆ ಬಯಲಿಗೆ ತಂದರೆ ಎಲೆ ಸುಟ್ಟು ಹೋಗುವದು. ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ ಹುಟ್ಟಿದ ಮೇಲೆ ಚಪ್ಪರದ ಮಡಲುಗಳನ್ನು ಎರಡು ದಿನಕ್ಕೊಂದರಂತೆ ಸರಿಸುತ್ತ ಬರಬೇಕು. ಜಗಲಿಯ ಕುಂಡಗಳನ್ನು ಮೊದಲು ಒಂದು ತಾಸು, ಬಳಿಕ ಎರಡು ತಾಸು ಹೀಗೆ ಹೊರಗಿಡಬೇಕು. ಹತ್ತು ಹನ್ನೆರಡು ದಿನಗಳಲ್ಲಿ ಸಸಿ ಗಟ್ಟಿಯಾಗುವದು. ಮಾಡಿನ ನೀರು ನೇರವಾಗಿ ಸಸಿಗಳ ಮೇಲೆ ಬೀಳದಂತೆ ಮೊದಲ ಮಳೆಗೆ ಮುಂಚೆಯೇ ಅವುಗಳನ್ನು ಅಂಚಿನಿಂದ ಒಳಗೆ ಸರಿಸಿರತಕ್ಕದ್ದು.

ಎರಡು ಮೂರು ಒಳ್ಳೆಯ ಮಳೆ ಬಿದ್ದು ನೆಲ ತಣಿದ ಮೇಲೆ ಮೋಡ ಕವಿದ ದಿನ ಸಂಜೆ ನೆಡಬೇಕು. ಕಾಳುಮೆಣಸನ್ನು ಆಸರೆಯ ಮರದ ಉತ್ತರದ ಬದಿಗೆ, ಬುಡದಿಂದ ಒಂದು ಅಡಿ ದೂರದಲ್ಲಿ ನೆಟ್ಟು, ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸತಕ್ಕದ್ದು.

ಗ್ರಾಮದ ಮುಖಂಡರಿಗೆ ವಿಜ್ಞಾಪನೆ

ಒಂದು ಎಕರೆ ಅಡಿಕೆತೋಟದಲ್ಲಿ ಒಂಬತ್ತು ಅಡಿ ಅಂತರಕ್ಕೆ ಸುಮಾರು 540 ಮರಗಳಿರುವವು. ಮರಕ್ಕೆ ಎರಡರಂತೆ 1,080 ಮೆಣಸಿನ ಸಸಿಗಳು ಬೇಕು. ಸಾಯುವವುಗಳ ಲೆಕ್ಕ ಹಿಡಿದು 1,400 ತುಂಡುಗಳನ್ನು ಹಾಕತಕ್ಕದ್ದು. ನಾಲ್ಕು ಅಂಗುಲ ಅಗಲದ ಚೀಲಗಳನ್ನು ಒತ್ತಾಗಿ ಇಟ್ಟರೆ 4 ಅಡಿ ಅಗಲ, 40 ಅಡಿ ಉದ್ದದ ಒಂದು ಮಡಿಯಲ್ಲಿ ಇವೆಲ್ಲ ಹಿಡಿಯುವವು. ಅಂದರೆ ಒಂದು ಗುಂಟೆ ನೆರಳಿನ ಜಾಗದಲ್ಲಿ ಹಾದಿ ಬಿಟ್ಟರೂ ನಾಲ್ಕು ಎಕರೆಯ ಸಸಿಗಳನ್ನು ಬೆಳೆಸಬಹುದು. ಇಷ್ಟು ಸಣ್ಣ ಸ್ಥಳವು ದೊರೆಯದ ಊರು ನಮ್ಮ ಮೂರು ತಾಲೂಕುಗಳಲ್ಲಿ ಒಂದೂ ಇರಲಾರದು.

ದೊಡ್ಡ ಭೂಮಾಲಕರು ತಮ್ಮ ತೋಟದ ಉತ್ತಮ ತಾಯಿಬಳ್ಳಿಗಳನ್ನು ಗುರುತಿಸಿ, ತಮಗೆ ಬೇಕಾಗಿ ಉಳಿದ ಬಳ್ಳಿಗಳನ್ನು ನೆರೆಯ ಸಣ್ಣ ಹಿಡುವಳಿಯವರಿಗೆ ಕೊಡುವಂತಾಗಬೇಕು. ಇದು ದಾನವೆಂದಷ್ಟೇ ತಿಳಿಯಬೇಕಾಗಿಲ್ಲ. ನೆರೆಯವನು ರೋಗದ ಸಸಿಯನ್ನು ಹೊರಗಿನಿಂದ ತಂದು ನೆಟ್ಟರೆ, ಮಳೆಯ ನೀರು ಅವನ ತೋಟದಿಂದ ನಮ್ಮ ತೋಟಕ್ಕೇ ಹರಿದು ಬರುವದು. ಸಸಿ ಎಬ್ಬಿಸುವ ಕೆಲಸವನ್ನು ಊರಿನ ಹೆಂಗಸರ ಸ್ವಸಹಾಯ ಸಂಘಗಳಿಗೆ ವಹಿಸಿ, ಸಸಿಗೆ ಇಷ್ಟೆಂದು ಕೂಲಿ ಗೊತ್ತುಮಾಡಿದರೆ ಬೇಸಿಗೆಯಲ್ಲಿ ಅವರಿಗೂ ನಾಲ್ಕು ಕಾಸು ದೊರೆಯುವದು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪಂಚಾಯತಿಯಲ್ಲಿ ಇರತಕ್ಕ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಊರಿನ ಉತ್ತಮ ತಾಯಿಬಳ್ಳಿಗಳನ್ನೂ, ವಿರಳವಾದ ಔಷಧಿಯ ಗಿಡಗಳನ್ನೂ ತನ್ನ ದಾಖಲೆಯಲ್ಲಿ ಬರೆದಿಡುವದು ಯೋಗ್ಯ.

ಈ ಕೆಲಸಕ್ಕೆ ಬೇಕಾದ ಸಾಮಾನುಗಳೆಲ್ಲ ಮನೆಯಲ್ಲಿಯೇ ಇವೆ. ಬೇಕಾದದ್ದು ಕಾಲಕ್ಕೆ ಸರಿಯಾಗಿ ಕೈಹಚ್ಚುವದು ಮಾತ್ರ. ಕೊಯ್ಲಿಗೆ ಮೊದಲು ತಾಯಿಬಳ್ಳಿಯ ಗುರುತು, ಶಿವರಾತ್ರಿಗೆ ಮೆಣಸಿನ ತುಂಡು, ಯುಗಾದಿಯ ಆಚೀಚೆ ಹಿಪ್ಪಲಿ ಆಡುಸೋಗೆಗಳು, ಏಪ್ರಿಲಿನಲ್ಲಿ ಬೀಜಗಳು, ರೋಹಿಣಿಯಲ್ಲಿ ಒಗ್ಗಿಸುವದು, ಮೃಗಶಿರದಲ್ಲಿ ನಾಟಿ: ಇಷ್ಟನ್ನು ಮನೆಯ ಪಂಚಾಂಗದ ಬದಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಹೆಚ್ಚಿನ ತಿಳುವಳಿಕೆ ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ತಾಲೂಕಿನ ತೋಟಗಾರಿಕೆ ಕಚೇರಿಯಲ್ಲಾಗಲಿ ವಿಚಾರಿಸಬಹುದು. ಬರುವ ಶಿವರಾತ್ರಿಯ ಹೊತ್ತಿಗೆ ಪ್ರತಿಯೊಂದು ಗ್ರಾಮದಲ್ಲಿಯೂ ಒಂದು ಚಪ್ಪರವಾದರೂ ಎದ್ದಿರಬೇಕೆಂದು ಮುಖಂಡರಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುತ್ತೇನೆ.